ಕಂಡದ್ದನ್ನಷ್ಟೇ ಬರೆದವರು

ಅವರು ತೀರಿಕೊಂಡ ಸುದ್ದಿಯನ್ನು ಯಾರೂ ಬಂದು ನನಗೆ ಹೇಳಲಿಲ್ಲ. ಹಳ್ಳಿಗಳಿಂದ ತಿಂಗಳಿಗೊಮ್ಮೆ ಬರುವ ಜನನ ಮರಣದ ಪಟ್ಟಿಯಲ್ಲಿ ಬಂತು. ಪಟೇಲರು ಬರೆದದ್ದನ್ನು ಹೋಬಳಿಯ ಶೇಕದಾರ ನೋಡಿ, ಸಹಿ ಹಾಕಿ, ತಾಲ್ಲೂಕು ಕಚೇರಿಗೆ ಕಳಿಸಬೇಕು. ಆಗ ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿಗೆ ನಾನೇ ಶೇಕದಾರ. ಮರಣದ ಪಟ್ಟಿಯ ಮೂರನೆಯ ಸಾಲಿನಲ್ಲಿ ಅವರ ಹೆಸರಿತ್ತು. ಕಾರಣ ಎಂಬ ಕಡೆ ಜ್ವರ ಎಂದು ಬರೆದಿತ್ತು. ಪೆನ್ನು ಕೆಳಗಿಟ್ಟು ಎದ್ದು ಹೋಗಿ ಒಂದು ತಂಬಿಗೆ ತಣ್ಣೀರು ಕುಡಿದೆ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು. ಅದು ಎಷ್ಟು ಹೊತ್ತು ತಣ್ಣಗಿತ್ತು ಅನ್ನುವುದು ಬೇರೆ ಮಾತು.

ಈಗ ಹೊನ್ನಾಳಿ ಕಚೇರಿಯ ಹಳಬರು ನನ್ನ ಬೆನ್ನು ಹತ್ತಿದ್ದಾರೆ. "ಅವರ ಕೈಕೆಳಗೆ ಪಳಗಿದೋನು ನೀನು. ಅವರ ಬಗ್ಗೆ ಎರಡು ಒಳ್ಳೆ ಮಾತು ಬರಿಯಪ್ಪ" ಅಂತ. ಬರೆಯುತ್ತಿದ್ದೇನೆ. ಒಳ್ಳೆ ಮಾತೂ ಇವೆ, ಇಲ್ಲದೆ ಇಲ್ಲ. ಹೆಸರು ಮಾತ್ರ ಬರೆಯುವುದಿಲ್ಲ. ನಮ್ಮೂರಿನ ಅಷ್ಟೂ ಜನರನ್ನು ಅವರು ಸರ್ಕಾರದ ಪಟ್ಟಿಯಿಂದ ತೆಗೆದುಹಾಕಿದರು. ಅವರೊಬ್ಬರ ಹೆಸರನ್ನು ನಾನು ಈ ನಾಲ್ಕು ಹಾಳೆಯಿಂದ ತೆಗೆದರೆ ದೊಡ್ಡ ಪಾಪವೇನೂ ಆಗುವುದಿಲ್ಲ.

ಸಣ್ಣ ಆಳು. ಕರಿ ಕೋಟು ಬಿಸಿಲು ಕುಡಿದು ಕಂದು ಬಣ್ಣಕ್ಕೆ ತಿರುಗಿತ್ತು. ತಲೆಗೆ ಪೇಟ, ಕಂಕುಳಲ್ಲಿ ಕೊಡೆ, ಕೋಟಿನ ಜೇಬಿನಲ್ಲಿ ಹಿತ್ತಾಳೆಯ ನಶ್ಯದ ಡಬ್ಬಿ. ಯಾರಾದರೂ ಏನಾದರೂ ಕೇಳಿಕೊಂಡು ಬಂದರೆ ಮೊದಲು ಡಬ್ಬಿ ತೆಗೆಯುತ್ತಿದ್ದರು. ಎಡಮೂಗಿಗೆ ಏರಿಸಿದರೆ ಕೆಲಸ ಆಯಿತು, ಬಲಮೂಗಿಗೆ ಏರಿಸಿದರೆ ಇಲ್ಲ ಎಂದು ಜವಾನರು ಪಣ ಕಟ್ಟುತ್ತಿದ್ದರು. ಲಂಚ ಮುಟ್ಟಿದವರಲ್ಲ. ಒಂದು ನಿಂಬೆಹಣ್ಣು ಕೊಟ್ಟರೂ "ನಮ್ಮನೇಲಿ ಐತಪ್ಪ" ಎಂದು ಹಿಂದಕ್ಕೆ ಕೊಡುತ್ತಿದ್ದರು. ಅಕ್ಷರವಂತೂ ಅಚ್ಚು ಹಾಕಿದಂತೆ. ಅವರು ಬರೆದ ಹಾಳೆಯನ್ನು ತಿದ್ದಲು ತಾಲ್ಲೂಕಿಗೇ ದೊಡ್ಡವರಾದ ಅಮಲ್ದಾರರಿಗೂ ಕೈ ಬರುತ್ತಿರಲಿಲ್ಲ. ಇವು ಒಳ್ಳೆ ಮಾತುಗಳು. ಲಂಚ ತಿನ್ನುವ ಶೇಕದಾರ ನಮ್ಮ ಪಾಲಿಗೆ ಬಂದಿದ್ದರೆ ನಾಲ್ಕು ಕಾಸು ಕೊಟ್ಟು ನಮ್ಮೂರನ್ನು ಉಳಿಸಿಕೊಳ್ಳುತ್ತಿದ್ದೆವು ಎಂದು ಎಷ್ಟೋ ಸಲ ಅನ್ನಿಸಿದೆ.

ನಮ್ಮೂರು ಚನ್ನಗಿರಿ ತಾಲ್ಲೂಕಿನ ಕಟ್ಟಕಡೆಯ ಮೂಲೆಯಲ್ಲಿತ್ತು. ಹದಿನಾಲ್ಕು ಮನೆ. ಒಂದು ಹಳ್ಳ ದಾಟಿದರೆ ಹೊನ್ನಾಳಿ ತಾಲ್ಲೂಕು. ಸಂತೆಗೆ ಬಸವಾಪಟ್ಟಣಕ್ಕೂ ಹೋಗುತ್ತಿದ್ದೆವು, ಸಾಸ್ವೆಹಳ್ಳಿಗೂ ಹೋಗುತ್ತಿದ್ದೆವು. ಶಾನುಭೋಗರಿಗೂ ಪಟೇಲರಿಗೂ ಎರಡು ಮೈಲಿ ಆಚೆಯ ದೊಡ್ಡ ಹಳ್ಳಿಗೆ ನಡೆಯಬೇಕು. ಆದರೂ ಸರ್ಕಾರದ ಪುಸ್ತಕದಲ್ಲಿ ನಮ್ಮೂರಿಗೆ ಬೇರೆಯದೇ ಒಂದು ಪುಟ ಇತ್ತು, ಮನೆ ಇಷ್ಟು, ಜನ ಇಷ್ಟು ಎಂದು. ಆ ಪುಟ ಇದ್ದದ್ದರಿಂದಲೇ ವರ್ಷಕ್ಕೊಮ್ಮೆ ಸಿಡುಬಿನ ದಾಕು ಹಾಕುವವನು ಬರುತ್ತಿದ್ದ, ಬಾವಿ ಬೇಕೆಂದು ಅರ್ಜಿ ಹಾಕಿದರೆ ಯಾರಾದರೂ ಬಂದು ನೋಡಿ ಹೋಗುತ್ತಿದ್ದರು.

ನಾನು ಚನ್ನಗಿರಿಯಲ್ಲಿ ಲೋಯರ್ ಸೆಕೆಂಡರಿ ಪಾಸು ಮಾಡಿ ಊರಿಗೆ ಬಂದ ವರ್ಷ. ಮೂವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ಚಳಿಗಾಲ ಪ್ಲೇಗು ಬಂತು. ಮನೆಯಲ್ಲಿ ಇಲಿ ಬಿದ್ದರೆ ಊರು ಬಿಡುವುದು ಎಲ್ಲ ಕಡೆಯ ರೂಢಿ. ನಾವೂ ಬಾಗಿಲು ಮುಚ್ಚಿ, ಒಂದು ಕೂಗಳತೆಯ ದೂರದಲ್ಲಿ ಹೊಲದ ಬದುವಿಗೆ ಗುಡಿಸಲು ಹಾಕಿಕೊಂಡು ಕೂತೆವು. ಹದಿನಾಲ್ಕು ಮನೆಗೆ ಹದಿನಾಲ್ಕು ಗುಡಿಸಲು. ಆಗ ಇವರು ನಮ್ಮ ಹೋಬಳಿಗೆ ಶೇಕದಾರರು. ಒಂದು ಮಧ್ಯಾಹ್ನ ಊರುಗಳ ಪಟ್ಟಿ ಸರಿಪಡಿಸಲು ಬಂದವರು ಗುಡಿಸಲುಗಳ ಹತ್ತಿರ ಕೊಡೆ ಮಡಚಿ ನಿಂತರು. ನನ್ನ ಅತ್ತಿಗೆ ಒಳಗಿನಿಂದ ಮಜ್ಜಿಗೆ ತಂದು ಕೊಟ್ಟಳು. ಎರಡು ಲೋಟ ಕುಡಿದರು. "ಏನಮ್ಮ, ಊರಿಗೆ ಊರೇ ಇಲ್ಲಿ ಬಂದು ಕುಂತೈತಲ್ಲ" ಎಂದರು. ಈ ಮಾತನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ಅವರ ಜೊತೆ ಒಂದು ತಗಡಿನ ಟ್ರಂಕು ಇರುತ್ತಿತ್ತು. ಅದರಲ್ಲಿ ಹೋಬಳಿಯ ಪುಸ್ತಕಗಳು. ಒಂದೂರಿನವರು ಅದನ್ನು ಹೊತ್ತು ಮುಂದಿನೂರಿನ ಗಡಿಯ ತನಕ ಮುಟ್ಟಿಸಬೇಕು, ಅಲ್ಲಿಂದ ಆ ಊರಿನವರು ಹೊರಬೇಕು. ಕೂಲಿ ಇಲ್ಲ, ಕೇಳುವ ಹಾಗೂ ಇಲ್ಲ. ಅವರು ನನ್ನ ಅಣ್ಣನ ಕಡೆ ಕೈ ಮಾಡಿದರು.

ಅಣ್ಣ ಏಳಲಿಲ್ಲ. "ಬೆಳಿಗ್ಗೆ ಎರಡು ಮಣ್ಣು ಮಾಡಿ ಬಂದೀನಿ ಸ್ವಾಮಿ. ಇವತ್ತು ಹೊರಾಕೆ ಆಗಲ್ಲ."

"ನಂದಲ್ಲಪ್ಪ, ಸರ್ಕಾರದ ಪೆಟ್ಟಿಗೆ ಅದು."

"ಸರ್ಕಾರಕ್ಕೂ ಕೈಕಾಲು ಅದಾವಲ್ಲ, ಹೊತ್ಕೊಂಡು ನಡೀಲಿ" ಎಂದ ಅಣ್ಣ.

ಗುಡಿಸಲುಗಳಿಂದ ಗಂಡಸರು ಹೆಂಗಸರು ಎಲ್ಲ ನಕ್ಕುಬಿಟ್ಟರು. ವಾರಗಟ್ಟಲೆ ಸಾವು ನೋಡಿದವರು, ನಗುವುದಕ್ಕೆ ಏನೋ ಒಂದು ಸಿಕ್ಕಿತು. ಶೇಕದಾರರು ಡಬ್ಬಿ ತೆಗೆದು ಬಲಮೂಗಿಗೆ ಏರಿಸಿದರು. ಟ್ರಂಕಿನ ಒಂದು ಹಿಡಿಯನ್ನು ಜವಾನ ಹಿಡಿದ, ಇನ್ನೊಂದನ್ನು ಅವರೇ ಹಿಡಿದರು. ಹೋಗುವಾಗ ಗುಡಿಸಲುಗಳ ಕಡೆಯಿಂದ ಹೋಗದೆ, ಬೇಕಂತಲೇ ಬಳಸಿಕೊಂಡು, ಬಾಗಿಲು ಹಾಕಿದ್ದ ನಮ್ಮ ಖಾಲಿ ಊರಿನ ಮಧ್ಯದಿಂದ ಹಾದುಹೋದರು. ಯಾಕೆ ಅಂತ ನಮಗ್ಯಾರಿಗೂ ತಿಳಿಯಲಿಲ್ಲ.

ಅಲ್ಲಿ ಕಂಡದ್ದನ್ನು ಅವರು ಬರೆದರು. ಬೇಚಿರಾಕ್ ಎಂದು. ದೀಪ ಹಚ್ಚುವವರಿಲ್ಲದ ಊರಿಗೆ ಕಚೇರಿಯವರು ಇಟ್ಟ ಹಳೆಯ ಹೆಸರು ಅದು. ಅಂಥ ಊರಿಗೆ ಹೊಲ ಇರುತ್ತವೆ, ಗಡಿಕಲ್ಲು ಇರುತ್ತವೆ, ಕಂದಾಯವೂ ಇರುತ್ತದೆ. ಜನ ಮಾತ್ರ ಇರುವುದಿಲ್ಲ.

ಗುಡಿಸಲು ಕಿತ್ತು ಊರೊಳಗೆ ಬಂದು ಒಂದು ವರ್ಷ ನಾವು ಆ ಸಂಗತಿ ಗೊತ್ತಿಲ್ಲದೆ ಬದುಕಿದೆವು. ಮರುವರ್ಷದ ಬೇಸಿಗೆಗೆ ವಾಂತಿಭೇದಿ ಬಂತು. ಸೂಜಿ ಹಾಕುವವರು ದೊಡ್ಡ ಹಳ್ಳಿಗೆ ಬಂದು ಹೋದರು, ನಮ್ಮಲ್ಲಿಗೆ ಬರಲಿಲ್ಲ. ಅಣ್ಣ ಎರಡು ಮೈಲಿ ಓಡಿ ಹೋಗಿ ಕರೆದ. "ನಿಮ್ಮೂರು ಪಟ್ಟಿಯಾಗೆ ಇಲ್ಲ ಕಣಯ್ಯ. ಪಟ್ಟಿಗೆ ತಕ್ಕಷ್ಟೇ ಮದ್ದು ಕೊಟ್ಟು ಕಳ್ಸಿದಾರೆ, ನಾನೇನು ಮಾಡ್ಲಿ?" ಎಂದರಂತೆ. ಮೂರನೆಯ ದಿನ ಅತ್ತಿಗೆ ಅದೇ ಬೇನೆಗೆ ತೀರಿಹೋದಳು. ನನ್ನ ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು. ನಾನು ಚನ್ನಗಿರಿಯಲ್ಲಿ ಓದುವಾಗ ಪ್ರತಿ ಸೋಮವಾರ ನನ್ನ ಚೀಲಕ್ಕೆ ರೊಟ್ಟಿ ಕಟ್ಟಿ ಇಟ್ಟು, ಊರ ಗಡಿಯ ತನಕ ಬಂದು ನಿಲ್ಲುತ್ತಿದ್ದವಳು. ಆ ಮನುಷ್ಯನಿಗೆ ಎರಡು ಲೋಟ ಮಜ್ಜಿಗೆ ಕೊಟ್ಟದ್ದು ಬಿಟ್ಟರೆ ಆಕೆ ಅವರಿಗೆ ಏನೂ ಮಾಡಿರಲಿಲ್ಲ.

ಊರಿನಲ್ಲಿ ಓದಿದವನು ನಾನೊಬ್ಬನೇ. ಅರ್ಜಿ ಬರೆದೆ. ಕೆಳಗಿನವರಿಗೆ ಬರೆದರೆ ಕೆಳಗೇ ಉಳಿಯುತ್ತದೆ ಎಂದು ನೇರ ಜಿಲ್ಲೆಯ ಡೆಪ್ಯುಟಿ ಕಮಿಷನರಿಗೆ ಕಳಿಸಿದೆ. ಹದಿನಾಲ್ಕು ಮನೆಯವರ ಹೆಬ್ಬೆಟ್ಟು. ಐದು ತಿಂಗಳಿಗೆ ಜವಾಬು ಬಂತು. ಅರ್ಜಿ ಜಿಲ್ಲೆಯಿಂದ ಸಬ್‌ಡಿವಿಜನ್ನಿಗೆ ಇಳಿದಿತ್ತು, ಅಲ್ಲಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಹೋಬಳಿಗೆ, ವಿಚಾರಿಸಿ ವರದಿ ಕೊಡಿ ಎಂದು. ಹೋಬಳಿ ಎಂದರೆ ಅವರೇ. ಅವರ ಮೇಲಿನ ದೂರಿಗೆ ಅವರೇ ಬರೆದಿದ್ದರು: "ಸದರಿ ಗ್ರಾಮವು ಬೇಚಿರಾಕ್ ಆಗಿರುತ್ತದೆ. ಜನವಸತಿಯೇ ಇಲ್ಲದ ಗ್ರಾಮದಿಂದ ಅರ್ಜಿ ಬರತಕ್ಕ ಸಂಭವವಿಲ್ಲವಾದ್ದರಿಂದ ಮುಕ್ತಾಯ ಮಾಡಬಹುದಾಗಿದೆ." ಅದರ ಕೆಳಗೆ ಅಮಲ್ದಾರರ ಸಹಿ, ಅದರ ಕೆಳಗೆ ಅಸಿಸ್ಟೆಂಟ್ ಕಮಿಷನರ ಸಹಿ, ಅದರ ಕೆಳಗೆ ಡೆಪ್ಯುಟಿ ಕಮಿಷನರ ಸಹಿ. ಒಬ್ಬರೂ ನಮ್ಮೂರಿಗೆ ಬಂದು ನೋಡಿರಲಿಲ್ಲ. ನೋಡಬೇಕಾದವರು ನೋಡಿದ್ದಾರಲ್ಲ ಎಂದು ಎಲ್ಲರೂ ನಂಬಿದ್ದರು.

ಆ ಹಾಳೆಯನ್ನು ಅಣ್ಣನಿಗೆ ಓದಿ ಹೇಳಿದೆ. ಅವನು ಎದ್ದು ಹೊಲಕ್ಕೆ ಹೋದ. ನಾನು ಮಾತ್ರ ಹಲ್ಲು ಕಚ್ಚಿ ತೀರ್ಮಾನ ಮಾಡಿಕೊಂಡೆ. ಈ ಮನುಷ್ಯ ಕೂರುವ ಜಾಗದಲ್ಲಿ ಒಂದಲ್ಲ ಒಂದು ದಿನ ನಾನು ಕೂರಬೇಕು. ಇವರ ಕಾಗದ ನನ್ನ ಕೈಗೆ ಬರಬೇಕು.

ಮೂರು ವರ್ಷಕ್ಕೆ ಹೊನ್ನಾಳಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಹೋಗಿ ನೋಡಿದರೆ ಅಲ್ಲಿ ಶಿರಸ್ತೇದಾರರ ಕುರ್ಚಿಯಲ್ಲಿ ಇವರೇ. ಬಡ್ತಿಯಾಗಿ ಬಂದಿದ್ದರು. ಸರ್ವಿಸ್ ರಿಜಿಸ್ಟರು ತೆರೆದು ಕೇಳಿದರು.

"ಊರು ಯಾವುದಪ್ಪ?"

ಹೇಳಿದೆ. ತಲೆ ಎತ್ತಿ ನನ್ನನ್ನು ಚೆನ್ನಾಗಿ ನೋಡಿದರು. ಡಬ್ಬಿ ತೆಗೆದರು. "ಆ ಊರಾಗೆ ಜನ ಇಲ್ಲವಲ್ಲಯ್ಯ" ಎಂದರು. ನನ್ನ ಸ್ವಂತ ಊರು ಎಂಬ ಕಡೆ ಎರಡು ಮೈಲಿ ಆಚೆಯ ದೊಡ್ಡ ಹಳ್ಳಿಯ ಹೆಸರು ಬರೆದರು. ನಾನು ಅದರ ಕೆಳಗೆ ಸಹಿ ಹಾಕಿದೆ. ಕೆಲಸ ಬೇಕಿತ್ತು. ಇವತ್ತಿಗೂ ನನ್ನ ರಿಜಿಸ್ಟರಿನಲ್ಲಿ ನಾನು ಬೇರೆ ಊರಿನವನು.

ಆಮೇಲೆ ಅವರು ನನಗೆ ಕೆಲಸ ಕಲಿಸಿದರು. ಈ ವಿಷಯ ನನ್ನನ್ನು ಇವತ್ತಿಗೂ ಸುಡುತ್ತದೆ. ಯಾವ ಮೇಷ್ಟ್ರೂ ಕಲಿಸದಷ್ಟು ಚೆನ್ನಾಗಿ ಕಲಿಸಿದರು. ಒಂದು ದಿನ ಮನೆಗೆ ಕರೆದು ಜಗಲಿಯ ಮೇಲೆ ಕೂರಿಸಿ, ಒಳಗಿನಿಂದ ಕಾಳು ಅಳೆಯುವ ಸೇರು, ಅಚ್ಚೇರು, ಪಾವು, ಚಟಾಕು ತರಿಸಿ ಒಂದರೊಳಗೊಂದು ಇಟ್ಟರು. "ಸೇರು ಜಿಲ್ಲೆ. ಅಚ್ಚೇರು ತಾಲ್ಲೂಕು. ಪಾವು ಹೋಬಳಿ. ಚಟಾಕು ಊರು. ನಡುವೆ ಸಬ್‌ಡಿವಿಜನ್ ಒಂದೈತೆ, ಅದಕ್ಕೆ ನಮ್ಮನೇಲಿ ಪಾತ್ರೆ ಇಲ್ಲ" ಎಂದು ನಕ್ಕರು. "ಮೇಲಿಂದ ನೋಡಿದ್ರೆ ಸೇರಿನ ಬಾಯಿ ಒಂದೇ ಕಾಣ್ತದೆ. ಒಳಗಡೆ ಎಷ್ಟು ಅದಾವೆ ಅಂತ ಸೇರಿಗೆ ಗೊತ್ತಾಗಬೇಕಾದ್ರೆ ಪಾವು ಹೇಳಬೇಕು. ಜಿಲ್ಲೇನ ನಡೆಸೋರು ಯಾರಯ್ಯ? ಡಿಸಿ ಅಲ್ಲ. ಹೋಬಳಿಯೋನು."

"ಚಟಾಕು ಏನಾದ್ರೂ ಹೇಳಿದ್ರೆ?" ಎಂದು ಕೇಳಿದೆ.

"ಪಾವಿನ ಮೂಲಕ ಹೇಳ್ಬೇಕು" ಎಂದರು.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ರೈತರು ಯಾರಾದರೂ ಬೇಸತ್ತು ಜಿಲ್ಲೆಗೇ ಬರೆದುಕೊಂಡ ಅರ್ಜಿ ಮೆಟ್ಟಿಲು ಮೆಟ್ಟಿಲು ಇಳಿದು ಅವರ ಮೇಜಿಗೆ ಬಂದರೆ, ಅದನ್ನು ಅಂಗೈ ಮೇಲೆ ಇಟ್ಟುಕೊಂಡು "ಅಯ್ಯೋ ಪಾಪ, ಅಷ್ಟು ಮೇಲಕ್ಕೆ ಹತ್ತಿ ಇಳಿದು ದಣಿದೈತೆ. ಮಲಗಲಿ" ಎನ್ನುತ್ತಿದ್ದರು. ಕೆಂಪು ಬಟ್ಟೆಯ ಕಡತದ ತಳಕ್ಕೆ ಅದನ್ನು ಸೇರಿಸಿ ಮೇಲೊಂದು ಸಲ ಮೆಲ್ಲಗೆ ತಟ್ಟುತ್ತಿದ್ದರು. ಗುಮಾಸ್ತರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಸಾಸ್ವೆಹಳ್ಳಿ ಕಡೆಯ ಒಬ್ಬ ಮುದುಕ ತನ್ನ ಬದುವಿನ ತಕರಾರಿನ ಕಾಗದ ಎಲ್ಲಿ ಹೋಯಿತೆಂದು ತಿಂಗಳಿಗೊಮ್ಮೆ ನಡೆದುಕೊಂಡು ಬಂದು ಕೇಳಿ ಹೋಗುತ್ತಿದ್ದ. ಅದು ಯಾವ ಕಡತದ ತಳದಲ್ಲಿದೆ ಎಂದು ನನಗೆ ಗೊತ್ತಿತ್ತು. ಒಂದು ದಿನವೂ ನಾನು ಅದನ್ನು ಎತ್ತಿ ಮೇಲೆ ಇಡಲಿಲ್ಲ.

ಎರಡನೆಯ ವರ್ಷ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಕಚೇರಿಯಲ್ಲಿ ಬೇರೆ ಯಾರೂ ಇರಲಿಲ್ಲ. "ನಮ್ಮ ಅತ್ತಿಗೆ ಕೈಯಿಂದ ಮಜ್ಜಿಗೆ ಕುಡಿದಿದ್ರಿ ಸ್ವಾಮಿ. ಜನ ಇರೋದು ಗೊತ್ತಿತ್ತಲ್ಲ ನಿಮಗೆ?"

ಸಿಟ್ಟಾಗಲಿಲ್ಲ. "ನಾನು ಕಂಡದ್ದನ್ನಷ್ಟೇ ಬರೀತೀನಪ್ಪ, ತಿಳಿದದ್ದನ್ನಲ್ಲ. ಊರೊಳಗೆ ಹೋದೆ, ಬಾಗಿಲು ಹಾಕಿತ್ತು, ಬರೆದೆ. ತಿಳಿದದ್ದೆಲ್ಲ ಬರೆಯಾಕೆ ಹೋದ್ರೆ ಸರ್ಕಾರ ನಡೆಯಲ್ಲ" ಎಂದರು. ಆಮೇಲೆ ನಾನು ಬರೆದಿದ್ದ ಒಂದು ಕರಡು ತೆಗೆದುಕೊಂಡು, 'ಸದರಿ' ಎರಡು ಸಲ ಬಂದಿದೆ ಎಂದು ಒಂದನ್ನು ಹೊಡೆದುಹಾಕಿದರು. ಆವತ್ತು ಅವರ ಕುತ್ತಿಗೆ ಹಿಸುಕಬೇಕು ಅನ್ನಿಸಿತ್ತು. ಕರಡು ಮಾತ್ರ ಮೊದಲಿಗಿಂತ ಚೆನ್ನಾಗಿತ್ತು.

ಅವರು ನಿವೃತ್ತರಾಗಿ ನ್ಯಾಮತಿ ರಸ್ತೆಯ ಮೇಲಿನ ಒಂದು ಹಳ್ಳಿಯಲ್ಲಿ ಮನೆ ಕಟ್ಟಿಕೊಂಡರು. ಗಂಡ ಹೆಂಡತಿ ಇಬ್ಬರೇ. ಒಬ್ಬಳೇ ಮಗಳನ್ನು ಜಗಳೂರಿಗೆ ಕೊಟ್ಟಿದ್ದರು. ನಾನು ಪರೀಕ್ಷೆ ಕಟ್ಟಿ ಶೇಕದಾರನಾದೆ. ದೇವರು ಇದ್ದಾನೆ ಎಂದು ನನಗೆ ಅನ್ನಿಸಿದ್ದು ಆ ಆರ್ಡರು ಕೈಗೆ ಬಂದಾಗ. ನನಗೆ ಸಿಕ್ಕಿದ ಹೋಬಳಿಯೊಳಗೇ ಅವರ ಮನೆ ಇತ್ತು.

ಆ ಹೊತ್ತಿಗೆ ಯುದ್ಧ ಬಂದು, ಅಕ್ಕಿ ಸಿಗದಾಗಿ, ರೇಷನ್ ಕಾರ್ಡು ಶುರುವಾಗಿತ್ತು. ಮನೆಯಲ್ಲಿ ಜನ ವಾಸ ಇದ್ದಾರೆ ಎಂದು ಶೇಕದಾರ ನೋಡಿ ಬರೆದರೆ ಮಾತ್ರ ಕಾರ್ಡು. ಅವರ ಅರ್ಜಿ ಬಂತು. ಅಂದೇ ಹೋಗಬಹುದಿತ್ತು, ಹೋಗಲಿಲ್ಲ. ಮಗಳ ಬಾಣಂತನಕ್ಕೆ ಇಬ್ಬರೂ ಜಗಳೂರಿಗೆ ಹೋದರು ಎಂದು ತಿಳಿದ ಮಾರನೆಯ ದಿನ ಹೋದೆ. ಬಾಗಿಲಿಗೆ ಬೀಗ. ಪಕ್ಕದ ಮನೆಯ ಹೆಂಗಸು ಓಡಿ ಬಂದಳು.

"ಬಾಣಂತನಕ್ಕೆ ಹೋಗಿದಾರ್ರೀ. ಅಮಾಸೆ ಕಳೆದ ಮೇಲೆ ಬರ್ತಾರೆ."

"ನಾನು ಕಂಡದ್ದನ್ನಷ್ಟೇ ಬರಿಯೋದಮ್ಮ" ಎಂದೆ.

ಅಲ್ಲೇ ಜಗಲಿಯ ಮೇಲೆ ಕೂತು ಬರೆದೆ. ಸದರಿ ಮನೆಗೆ ಬೀಗ ಹಾಕಿರುತ್ತದೆ, ಜನವಾಸ ಕಂಡುಬಂದಿರುವುದಿಲ್ಲ. 'ಸದರಿ' ಒಂದೇ ಸಲ ಬರುವಂತೆ ನೋಡಿಕೊಂಡೆ. ಅಷ್ಟು ಸಂತೋಷದಿಂದ ನಾನು ಬೇರೆ ಯಾವ ವರದಿಯನ್ನೂ ಬರೆದಿಲ್ಲ.

ಅವರು ವಾಪಸು ಬಂದು ನೋಡಿದರೆ ಕಾರ್ಡಿಲ್ಲ. ಜಗಳೂರಿನಲ್ಲಿ ಕೇಳಿದರೆ, ಇದು ಚಿತ್ರದುರ್ಗ ಜಿಲ್ಲೆ, ನೀವು ಶಿವಮೊಗ್ಗ ಜಿಲ್ಲೆಯವರು, ಅಲ್ಲಿಂದ ಬರೆಸಿಕೊಂಡು ಬನ್ನಿ ಎಂದರಂತೆ. ಹೊನ್ನಾಳಿಯಲ್ಲಿ ಕೇಳಿದರೆ, ನೀವು ಜಗಳೂರಿನಲ್ಲಿ ಇದ್ದೀರಿ ಅಂತ ಕಾಣುತ್ತದೆ, ಅಲ್ಲಿ ಕೇಳಿ ಎಂದರು. ಮೇಲಕ್ಕೆ ಬರೆದುಕೊಂಡರು. ಅರ್ಜಿ ಜಿಲ್ಲೆಗೆ ಹೋಗಿ, ಮೆಟ್ಟಿಲಿಳಿದು, ವಿಚಾರಿಸಿ ವರದಿ ಕೊಡಿ ಎಂದು ನನ್ನ ಮೇಜಿಗೇ ಬಂತು. ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಸೂರಗೊಂಡನಕೊಪ್ಪದ ಕಡೆಯ ಗಾಡಿಯವರು ಅವರನ್ನು ಹತ್ತಿಸಿಕೊಂಡು ನ್ಯಾಮತಿಗೆ ಬಿಡುತ್ತಾರೆ, ರೇಷನ್ ಡಿಪೋ ಮುಂದೆ ನಿಂತು ಹೋಗುತ್ತಾರೆ, ಅಕ್ಕಪಕ್ಕದವರು ಕೊಟ್ಟ ರಾಗಿಯಲ್ಲಿ ದಿನ ದೂಡುತ್ತಿದ್ದಾರೆ ಎಂದೆಲ್ಲ ಜನ ಬಂದು ಹ್ಯಾಪು ಮೋರೆ ಹಾಕಿಕೊಂಡು ಹೇಳುತ್ತಿದ್ದರು. ನಾನು ಕೇಳಿಸಿಕೊಳ್ಳುತ್ತಿದ್ದೆ. ಅವರ ಹೆಂಡತಿ ನನಗೆ ಏನೂ ಮಾಡಿರಲಿಲ್ಲ, ನಿಜ. ನನ್ನ ಅತ್ತಿಗೆ ಅವರಿಗೆ ಏನು ಮಾಡಿದ್ದಳು?

ಇದೇ ಕಾಲಕ್ಕೆ ನಮ್ಮೂರಿಗೂ ಕಾರ್ಡು ಇರಲಿಲ್ಲ. ಆಮೇಲೆ ಬಂದ ಶೇಕದಾರರೆಲ್ಲ ಹಳೆಯ ವರದಿಯ ಮೇಲೆ ಡಿಸಿಯ ತನಕ ಸಹಿ ಬಿದ್ದಿರುವುದನ್ನು ನೋಡಿ ಕೈ ಹಿಂದೆ ತೆಗೆಯುತ್ತಿದ್ದರು. ಅಲ್ಲಿ ಕಂಡ ಜನರನ್ನು ದೊಡ್ಡ ಹಳ್ಳಿಯ ಕೂಲಿಯವರು, ಹಂಗಾಮಿಯಾಗಿ ಇದ್ದಾರೆ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ದೊಡ್ಡ ಹಳ್ಳಿಯವರು, ನಿಮ್ಮ ಹೆಸರು ನಮ್ಮಲ್ಲಿಲ್ಲ ಎನ್ನುತ್ತಿದ್ದರು. ಹದಿನಾಲ್ಕು ಮನೆ ಒಂಬತ್ತಕ್ಕೆ ಇಳಿದಿತ್ತು. ಹೊನ್ನಾಳಿಯ ಅಮಲ್ದಾರರು ಒಳ್ಳೆಯವರು, ನನ್ನ ಮೇಲೆ ವಿಶ್ವಾಸ. ಅವರು ಒಮ್ಮೆ ಹೇಳಿದ್ದರು: "ಬರೆದವರೇ ಬಂದು ನನ್ನೆದುರು, ಅದು ತಪ್ಪು ಅಂತ ಒಪ್ಕೊಂಡ್ರೆ ನಾನೇ ಚನ್ನಗಿರಿಗೆ ಕಳಿಸ್ತೀನಿ. ವಾರದ ಕೆಲಸ."

ಒಂದು ಬೆಳಿಗ್ಗೆ ನಾನು ಚಾವಡಿಯಲ್ಲಿ ಕೂತಿದ್ದಾಗ ಅವರು ಬಂದರು. ಕೋಟು ಅದೇ. ಒಳಗಿನ ಮೈ ಅರ್ಧವಾಗಿತ್ತು.

"ಶೇಕದಾರ್ರೆ, ನಮಸ್ಕಾರ. ಒಂದು ಕೆಲಸ ಆಗಬೇಕಿತ್ತು" ಎಂದರು. ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಕೂರಲು ಹೇಳಲಿಲ್ಲ ನಾನು.

"ನಿಮ್ಮ ಮನೆಯಾಗೆ ಜನ ಇಲ್ಲವಲ್ಲ ಸ್ವಾಮಿ" ಎಂದೆ.

"ವರದಿ ನೋಡಿದೆ. ಒಕ್ಕಣೆ ಚೆನ್ನಾಗೈತೆ" ಎಂದರು. ಕುಹಕ ಇರಲಿಲ್ಲ. ನಿಜವಾಗಿಯೂ ಮೆಚ್ಚಿದ್ದರು. ನನಗೆ ಮೈ ಉರಿಯಿತು.

ಆಗ ಹೇಳಿದೆ. ಆ ಊರಿನಲ್ಲಿ ಆ ದಿನ ಜನ ಇದ್ದರು, ಅವರ ಕೈಯಿಂದ ಮಜ್ಜಿಗೆ ಕುಡಿದೆ, ಬೇಚಿರಾಕ್ ಎಂದು ಬರೆದದ್ದು ತಪ್ಪು ಎಂದು ಬರೆದುಕೊಡಿ. ಅಮಲ್ದಾರರ ಮುಂದೆ ಹಾಜರಾಗಿ ಒಪ್ಪಿಕೊಳ್ಳಿ. ಅದೇ ದಿನ ನಿಮ್ಮ ಮನೆಯಲ್ಲಿ ಜನ ಇದ್ದಾರೆ ಎಂದು ನಾನೂ ಬರೆಯುತ್ತೇನೆ. ಅವರು ಡಬ್ಬಿ ತೆಗೆದರು. ಖಾಲಿಯಾಗಿತ್ತು. ಬೆರಳು ಆಡಿಸಿ ಮುಚ್ಚಿದರು. ಪೆನ್ನು ಕೇಳಿ, ನಿಂತುಕೊಂಡೇ, ನನ್ನ ಮೇಜಿನ ಅಂಚಿಗೆ ಹಾಳೆ ಇಟ್ಟು ಬರೆದರು. ಅಕ್ಷರ ಅಲುಗಿರಲಿಲ್ಲ. ಅತ್ತಿಗೆಯ ಹೆಸರು ಕೇಳಿದರು. ಹೇಳಿದೆ. ಅದನ್ನೂ ಬರೆದರು.

"ತಿಳಿದದ್ದನ್ನು ಬರೆದದ್ದು ಇದೇ ಮೊದಲು" ಎಂದರು. "ಬೇಗ ಕಳಿಸ್ರಿ. ಹಾಜರಾಗಾಕೆ ನಾನು ಇರಬೇಕಲ್ಲ."

ಹಾಳೆಯನ್ನು ಅಂಗೈ ಮೇಲೆ ಇಟ್ಟುಕೊಂಡೆ. ಇಷ್ಟು ವರ್ಷ ಕಾದಿದ್ದು ಈ ಒಂದು ಮಾತಿಗೆ. "ಪಾಪ, ದಣಿದೈತೆ. ಮಲಗಲಿ" ಎಂದೆ. ಡ್ರಾಯರು ಎಳೆದು ಒಳಗಿಟ್ಟು, ಮೇಲೊಂದು ಸಲ ತಟ್ಟಿದೆ.

ಅವರು ಕೊಡೆ ಬಿಚ್ಚಿಕೊಂಡು ಇಳಿದು ಹೋದರು. ಆ ಸಂಜೆಯೇ ಅಣ್ಣನಿಗೆ ಹೇಳಿ ಕಳಿಸಿದೆ, ಅವರ ಕೈಯಲ್ಲೇ ಬರೆಸಿಕೊಂಡಿದ್ದೇನೆ, ಇನ್ನು ನಮ್ಮೂರು ಪಟ್ಟಿಗೆ ಬಂದಂತೆಯೇ ಎಂದು. ನಾಳೆ ಕಳಿಸೋಣ ಎಂದುಕೊಂಡೆ. ನಾಳೆಯಾದರೆ, ಇನ್ನು ನಾಲ್ಕು ದಿನ ಕಾಯಲಿ, ನಾವು ಐದು ತಿಂಗಳು ಕಾಯಲಿಲ್ಲವೇ ಎನ್ನಿಸುತ್ತಿತ್ತು. ದಿನಕ್ಕೊಮ್ಮೆ ಡ್ರಾಯರು ಎಳೆದು ನೋಡಿ ಮತ್ತೆ ಮುಚ್ಚುತ್ತಿದ್ದೆ. ಆ ಸುಖವನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಹೀಗೆ ಇಪ್ಪತ್ತೆರಡು ದಿನ ಹೋದವು. ಇಪ್ಪತ್ತಮೂರನೆಯ ದಿನ ಮರಣದ ಪಟ್ಟಿ ಬಂತು.

ತಣ್ಣೀರು ಕುಡಿದು ಬಂದು ಮತ್ತೆ ಕೂತಾಗಲೇ ಡ್ರಾಯರಿನ ನೆನಪಾದದ್ದು. ಹಾಳೆ ತೆಗೆದುಕೊಂಡು ಹೊನ್ನಾಳಿಗೆ ಓಡಿದೆ. ಅಮಲ್ದಾರರು ಎರಡು ಸಲ ಓದಿದರು. "ಎಷ್ಟು ಚೆಂದ ಬರೆದಿದಾರೆ. ಎಲ್ಲಿ ಅವರು?" ಎಂದರು. ಹೇಳಿದೆ. ಹಾಳೆಯನ್ನು ನನ್ನ ಕಡೆಗೆ ಸರಿಸಿದರು. "ಇದರಿಂದ ಏನೂ ಮಾಡಾಕೆ ಬರಲ್ಲಪ್ಪ. ಬರೆದದ್ದು ಅವರೇ ಅಂತ ಯಾರು ಹೇಳ್ಬೇಕು? ಅದೇ ಊರಿನೋನು ನೀನು, ನೀನು ಹೇಳಿದ್ರೆ ನಡೆಯಲ್ಲ. ಹೊಸದಾಗಿ ಅರ್ಜಿ ಹಾಕ್ಸು. ಜಿಲ್ಲೆಗೆ ಹೋಗಿ, ವರದಿಗೆ ಕೆಳಗೆ ಬರಲಿ."

ಕಾರಣ ಜ್ವರ ಎಂದು ಪಟೇಲರು ಬರೆದಿದ್ದರು. ಪಟೇಲರೂ ಕಂಡದ್ದನ್ನಷ್ಟೇ ಬರೆಯುವವರು. ಆ ಮನೆಯಲ್ಲಿ ಮೂರು ವಾರ ಒಲೆಯ ಮೇಲೆ ಏನಿತ್ತು, ಏನಿರಲಿಲ್ಲ ಎಂಬುದನ್ನು ಬರೆಯಲು ಪಟ್ಟಿಯಲ್ಲಿ ಜಾಗವಿಲ್ಲ. ಅವರ ಹೆಂಡತಿಯನ್ನು ಮಗಳು ಬಂದು ಜಗಳೂರಿಗೆ ಕರೆದುಕೊಂಡು ಹೋದಳಂತೆ. ಈಗ ಆ ಮನೆಗೆ ನಿಜವಾಗಿಯೂ ಬೀಗ ಬಿದ್ದಿದೆ. ಅವರು ಸತ್ತದ್ದಕ್ಕೆ ನನಗೆ ದುಃಖವಿಲ್ಲ. ಇವತ್ತು ಬದುಕಿ ಬಂದರೂ ಕೂರಲು ಹೇಳುವುದಿಲ್ಲ. ಒಂದು ದಿನ, ಬರೀ ಒಂದೇ ದಿನ ತಡವಾಗಿ ಸಾಯಬೇಕಿತ್ತು ಎಂದು ಅವರ ಮೇಲೆ ಇನ್ನೂ ಸಿಟ್ಟು ಬರುತ್ತದೆ. ಆಮೇಲೆ, ಆ ಒಂದು ದಿನ ಸಿಕ್ಕಿದ್ದರೂ ನಾನು ಡ್ರಾಯರು ಎಳೆದು ನೋಡಿ ಮುಚ್ಚುತ್ತಿದ್ದೆ ಎಂದು ಹೊಳೆಯುತ್ತದೆ.

ನಾಲ್ಕನೆಯ ದಿನ ಅಣ್ಣ ಬಂದ. ಸುದ್ದಿ ಅವನಿಗೂ ಮುಟ್ಟಿತ್ತು. ಚಾವಡಿಯ ಕಟ್ಟೆಯ ಮೇಲೆ ಕೂತು ಕಾಗದ ತೋರಿಸು ಎಂದ. ಓದಲು ಬಾರದವನು, ಅತ್ತಿಗೆಯ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಿಟ್ಟುಕೊಂಡು ನೋಡಿದ.

"ಎಷ್ಟು ದಿನ ನಿನ್ನ ಹತ್ರ ಇತ್ತು ಇದು?"

"ಇಪ್ಪತ್ತೆರಡು."

"ಯಾಕೆ?"

ನಾನು ಡ್ರಾಯರಿನ ಕಡೆ ನೋಡಿದೆ. ಅವನು ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟ.

"ಅಷ್ಟರಾಗೆ ಇನ್ನೂ ಮೂರು ಮನೆಯೋರು ಹೊಟ್ಟೆಗಿಲ್ಲದೆ ಗುಳೆ ಹೋದ್ರು" ಎಂದ. "ಆರು ಮನೆ ಉಳಿದಾವೆ. ಇನ್ನೊಂದು ವರ್ಷಕ್ಕೆ ಅವ ಬರೆದದ್ದೇ ನಿಜ ಆಗ್ತದೆ ಬಿಡು."

ಊಟ ಮಾಡಿ ಹೋಗು ಎಂದೆ. ಬೇಡ ಎಂದು ಎದ್ದು ಹೆಗಲಿಗೆ ಟವಲು ಹಾಕಿಕೊಂಡ. ಮೆಟ್ಟಿಲು ಇಳಿದವನು ಅಲ್ಲಿಂದಲೇ ತಿರುಗಿ ನನ್ನನ್ನೂ, ನನ್ನ ಕೋಟನ್ನೂ, ಮೂಲೆಯಲ್ಲಿದ್ದ ಹೋಬಳಿಯ ತಗಡಿನ ಟ್ರಂಕನ್ನೂ ನೋಡಿದ.

"ಆವತ್ತು ನಾನು ಅವನ ಪೆಟ್ಟಿಗೆ ಹೊರಲಿಲ್ಲ ಕಣೋ" ಎಂದ. "ನೀನು ಇಷ್ಟು ವರ್ಷ ಹೊತ್ತೆ."